ತೆಂಗಿನ ಮರಕ್ಕೆ ಕಿವಿಗೊಟ್ಟು ಕೇಳಿದ್ದೀರಾ?

ಹಿತ್ತಿಲಲ್ಲಿ ಒಂದೆರಡು ತೆಂಗಿನ ಮರವಿದ್ದರೆ ಗೃಹಿಣಿಗೆ ಅದೆಷ್ಟು ನಿಶ್ಚಿಂತೆ! ಚಟ್ನಿಗೆ, ಹುಳಿಗೆ, ಹಬ್ಬದ ಹೋಳಿಗೆಗೆ ಕಾಯಿ. ನೀರೊಲೆಗೆ ಗರಿ, ಸಿಪ್ಪೆ. ಇಂಥ ಮರದ ಸುಳಿ ಒಂದು ದಿನ ಇದ್ದಕ್ಕಿದ್ದಂತೆ ವಾಲಿ ಬೀಳುವುದುಂಟು. ‘ಯಾರದೋ ಕಣ್ಣು ತಾಗಿತು’ ಅಂತಾರೆ. ಕಣ್ಣಲ್ಲ ಸೋದರಿಯರೇ, ಹುಳು!

ಕೆಂಪು ಮೂತಿ ಹುಳು ಅಂತ ಇದರ ಹೆಸರು. ಅಕ್ಕಿ ಆರಿಸುವಾಗ ಸಿಗುವ ಪುಟ್ಟ ಮೂತಿಹುಳುವಿನ ಬಳಗದ್ದೇ, ಆದರೆ ಸುಮಾರು ಒಂದೂವರೆ ಅಂಗುಲ ಉದ್ದ. ಹೆಣ್ಣು ಹುಳು ಮರದ ಗಾಯ ಹುಡುಕಿ ಬಂದು 200-300 ಮೊಟ್ಟೆ ಇಡುತ್ತದೆ. ಕಾಲಿಲ್ಲದ ಬಿಳಿಯ ಮರಿಗಳು ಒಂದರಿಂದ ಮೂರು ತಿಂಗಳು ಒಳಗಿನ ಮೆದು ತಿರುಳನ್ನೇ ತಿಂದು ಹೆಬ್ಬೆರಳಿನಷ್ಟಾಗುತ್ತವೆ. ಹೊರಗೆ ಮರ ಹಸಿರು, ಒಳಗೆ ಪೊಳ್ಳು. 1980ರ ದಶಕದಲ್ಲಿ ಇದು ಕೊಲ್ಲಿ ದೇಶಗಳ ಖರ್ಜೂರದ ತೋಟಗಳಿಗೂ ಹೊಕ್ಕಿತು. ಅಲ್ಲೂ ಇದೇ ಗೋಳು.

5ರಿಂದ 20 ವರ್ಷದ ಮರಗಳ ಮೇಲೆ ಹೆಚ್ಚು ಕಣ್ಣಿಡಿ. ಕಾಂಡದಲ್ಲಿ ತೂತು, ಕಂದು ಬಣ್ಣದ ರಸ, ಜಗಿದುಗುಳಿದಂಥ ನಾರು ಕಂಡರೆ ಕಾಂಡಕ್ಕೆ ಕಿವಿಯಿಟ್ಟು ಕೇಳಿ. ಒಳಗೆ ಕರಕರ ಅಗಿಯುವ ಸದ್ದು ಕೇಳಿಸಿದರೆ ತಡ ಮಾಡದೆ ತೋಟಗಾರಿಕೆ ಇಲಾಖೆಯವರನ್ನು ಕರೆಸಿ. ಕೈಗೆ ಸಿಕ್ಕಿದ ಔಷಧಿ ಸುರಿಯಬೇಡಿ. ಕಾಯಿ ತಿನ್ನುವವರು ನಾವೇ ಅಲ್ವೇ?

ಗಾಯವೇ ಆಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಮರವೇ ಸಿಗಬೇಕೆ? ಮೊಳೆ ಹೊಡೆಯಬೇಡಿ. ಹತ್ತಲು ಮೆಟ್ಟಿಲು ಕಡಿಯಬೇಡಿ. ಹಸಿ ಗರಿ ಕಡಿಸಲೇಬೇಕಾದರೆ, ಕಾಯಿ ಕೀಳುವವರಿಗೆ ಮೊದಲೇ ಹೇಳಿ, ಮೂರು ನಾಲ್ಕು ಅಡಿ ಹೆಡೆಮಟ್ಟೆ ಬಿಡಿಸಿ. ಆದ ಗಾಯಕ್ಕೆ ಡಾಂಬರು ಬಳಿಯಿರಿ.

ತಿಪ್ಪೆಗುಂಡಿಯಲ್ಲಿ ಹುಟ್ಟಿ ಸುಳಿ ಕೊರೆಯುವ ಕೊಂಬಿನ ದುಂಬಿ—ಕೆಲವು ಕಡೆ ಕುರುವಾಯಿ ಅಂತಾರೆ—ಇದಕ್ಕೆ ಬಾಗಿಲು ತೆರೆದುಕೊಡುತ್ತದೆ. ಅದನ್ನು ತಡೆಯಲು ಕಾಲು ಕಿಲೋ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ, ಸುಳಿಯ ಪಕ್ಕದ ಮೂರು ಗರಿಗಳ ಕಂಕುಳಿಗೆ ತುಂಬಿಸಿ. ತಿಪ್ಪೆಯನ್ನೂ ಆಗಾಗ ಕೆದಕಿಸಿ, ಸಿಕ್ಕ ಮರಿಗಳನ್ನು ಕೊಲ್ಲಿಸಿ.

ಹುಳು ಹಿಡಿಯುವ ವಾಸನೆಯ ಬಕೆಟ್ಟುಗಳೂ ಬಂದಿವೆ. ಒಂದೇ ಮನೆಯವರು ಮರಕ್ಕೇ ತೂಗುಹಾಕಿದರೆ ಊರಿನ ಹುಳುವನ್ನೆಲ್ಲ ಊಟಕ್ಕೆ ಕರೆದಂತೆ! ಬೀದಿಯವರೆಲ್ಲ ಸೇರಿ, ಮರಗಳಿಂದ ದೂರವಿಟ್ಟರೆ ಉಪಯೋಗ.

ಸತ್ತ ಮರವನ್ನು ಸೌದೆಗಾದೀತು ಅಂತ ಮೂಲೆಯಲ್ಲಿ ಒರಗಿಸಿಡಬೇಡಿ. ನಾರಿನ ಗೂಡು ಸುತ್ತಿಕೊಂಡು ಹುಳುಗಳು ಅದರೊಳಗೇ ಇರುತ್ತವೆ. ರೆಕ್ಕೆ ಬಲಿತೊಡನೆ ಪಕ್ಕದ ಮನೆಯ ಮರಕ್ಕೆ ಹಾರುತ್ತವೆ. ಅಂದೇ ಸೀಳಿಸಿ ಸುಡಿಸಿಬಿಡಿ.