ಹೊಸ ಕಂಪ್ಯೂಟರ್ ಬಂತು, ಉದ್ರಿ ಲೆಕ್ಕ ಕೈಕೊಟ್ಟಿತು!

"ಬೇಗ ಬಿಲ್ ಕೊಡಿ ಸಾವ್ಕಾರ್ರೆ, ಆರು ಗಂಟೆ ಬಸ್ಸು ಹೊರಟುಹೋಗುತ್ತೆ!"

ತುಮಕೂರಿನ ಮಂಡಿಪೇಟೆಯ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಗಿರಾಕಿ ಹೀಗೆ ಕೂಗುತ್ತಿದ್ದರೆ, ಗಲ್ಲಾಪೆಟ್ಟಿಗೆ ಮುಂದೆ ಕೂತ ಸಾಹುಕಾರರ ಮುಖ ಹುಳ್ಳಗಾಗಿತ್ತು. ಎದುರಿಗೆ ಹೊಚ್ಚ ಹೊಸ ಕಂಪ್ಯೂಟರ್. ಅದರ ಪರದೆ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿನ ತಕರಾರು. ಯಾವುದೋ ಒಂದು ಫೈಲು ಸರಿಯಾಗಿ ನೋಂದಣಿಯಾಗಿಲ್ಲವಂತೆ! ಬಿಲ್ಲಿನ ಪ್ರೋಗ್ರಾಂ ಬಾಗಿಲೇ ತೆರೆಯದು. ಸುತ್ತಲ ಹಳ್ಳಿಗಳ ಚಿಲ್ಲರೆ ಅಂಗಡಿಗಳ ಉದ್ರಿ ಲೆಕ್ಕವೆಲ್ಲ ಅದರೊಳಗೇ.

ಕಂಪ್ಯೂಟರ್ ಬದಲಿಸಿದ್ದು ಶೋಕಿಗಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೇ ಪೆಟ್ಟಿಗೆಗೆ ವಿಂಡೋಸ್ 11 ಹತ್ತಲಿಲ್ಲ. ಅದಕ್ಕೂ ಮುಂಚೆ, ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ತುಪ್ಪ ಶೇ. 12ರಿಂದ 5ಕ್ಕೆ, ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚೋ ಎಣ್ಣೆ ಶೇ. 18ರಿಂದ 5ಕ್ಕೆ ಇಳಿದವು. ಗಿರಾಕಿಗೆ ಖುಷಿ. ಆದರೆ ಆ ದರಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದ ಅಂಗಡಿಗಳ ಗತಿ? ಸಾಹುಕಾರರು ಒಂದು ತಿಂಗಳು ಸೋಪಿನ ಬಿಲ್ಲನ್ನು ಕೈಯಲ್ಲೇ ಬರೆದರು.

ಪ್ರೋಗ್ರಾಂ ಬರೆದವರು ಯಾರು? 2003ರಲ್ಲಿ ಡಿಪ್ಲೊಮಾ ಓದುತ್ತಿದ್ದ ಒಬ್ಬ ಹುಡುಗ. ಈಗ ನಲವತ್ತು ದಾಟಿದ ಗೃಹಸ್ಥ, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಬರೆದ ಭಾಷೆ ವಿಷುಯಲ್ ಬೇಸಿಕ್ 6. ಆಗ ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಕ್ಲಾಸುಗಳಲ್ಲಿ ಹುಡುಗರು ಮೊದಲು ಕೈಹಚ್ಚುತ್ತಿದ್ದುದೇ ಇದಕ್ಕೆ. ಮೌಸ್ ಹಿಡಿದು ಪರದೆ ಮೇಲೆ ಒಂದು ಬಟನ್ ಎಳೆದು ಕೂರಿಸು, ಅದನ್ನು ಒತ್ತಿದರೆ ಏನಾಗಬೇಕು ಅಂತ ನಾಲ್ಕು ಸಾಲು ಬರೆ, ಬಿಲ್ ರೆಡಿ!

ಬೇಸಿಕ್ ಹುಟ್ಟಿದ್ದೇ ಹೀಗೆ ಸಾಮಾನ್ಯರಿಗಾಗಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಮೇಷ್ಟ್ರುಗಳಾದ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಇಬ್ಬರೂ ಸೇರಿ, ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರ್ ದಕ್ಕಲಿ ಅಂತ 1964ರಲ್ಲಿ ಮಾಡಿದ ಭಾಷೆ. ಮೈಕ್ರೋಸಾಫ್ಟ್ 1991ರಲ್ಲಿ ಅದಕ್ಕೆ ಕಿಟಕಿ-ಬಟನ್ನುಗಳ ವೇಷ ತೊಡಿಸಿ ವಿಷುಯಲ್ ಬೇಸಿಕ್ ಅಂತ ಮಾರಿತು. ಆರನೇ ಆವೃತ್ತಿ ಬಂದದ್ದು 1998ರಲ್ಲಿ. ಅದೇ ಕೊನೆ! 2002ರಲ್ಲಿ ಡಾಟ್‌ನೆಟ್ ಹೆಸರಿನಲ್ಲಿ ಬಂದದ್ದಕ್ಕೂ ಬೇಸಿಕ್ ಅನ್ನೋ ಹೆಸರಿತ್ತು, ಹಳೇ ಪ್ರೋಗ್ರಾಂ ಮಾತ್ರ ಅದರಲ್ಲಿ ಸಲೀಸಾಗಿ ಓಡಲಿಲ್ಲ. 2005ರಲ್ಲಿ ಸ್ವತಃ ಮೈಕ್ರೋಸಾಫ್ಟೇ ಬಿರುದು ಕೊಟ್ಟು ಗೌರವಿಸಿದ್ದ ತಜ್ಞರೇ ಅರ್ಜಿ ಬರೆದು ಹಳೆಯದನ್ನು ಕೈಬಿಡಬೇಡಿ ಅಂತ ಗೋಗರೆದರು. ಕಂಪನಿ ಜಗ್ಗಲಿಲ್ಲ. 2008ರ ಏಪ್ರಿಲ್ 8ಕ್ಕೆ ವಿಬಿ 6 ಬರೆಯುವ ಸಲಕರಣೆಗೆ ಪೂರ್ತಿ ಬೆಂಬಲ ನಿಂತಿತು.

ಆದರೂ ಅಂದು ಮಾಡಿದ ಪ್ರೋಗ್ರಾಮುಗಳು ವಿಂಡೋಸ್ 11ರ ಮೇಲೂ ಓಡುತ್ತವೆ. ಬಸ್ಸು ಮಾಡಿದ ಕಾರ್ಖಾನೆ ಮುಚ್ಚಿದೆ, ಬಸ್ಸು ಮಾತ್ರ ರಸ್ತೆ ಮೇಲಿದೆ! ಮಂಡಿಪೇಟೆ ಅಂಗಡಿಯ ತಕರಾರೂ ಹಾಗೇ ಬಗೆಹರಿಯಿತು. ಭಾನುವಾರ ಬಂದ ಪ್ರೋಗ್ರಾಮರು ಹಳೇ ಕಂಪ್ಯೂಟರಿನಿಂದ ಒಂದೆರಡು ಫೈಲು ತಂದು ನೋಂದಣಿ ಮಾಡಿದರು, ಪ್ರೋಗ್ರಾಂ ಎದ್ದು ಕೂತಿತು. ಅರ್ಧ ಗಂಟೆ ಕೆಲಸ, ಒಂದು ಕಾಫಿ.

"ಆಯ್ತಲ್ಲ ಬಿಡಪ್ಪ ಇನ್ನ" ಅಂದರು ಸಾಹುಕಾರರು.

"ಎಲ್ಲಾಯ್ತು ಸಾವ್ಕಾರ್ರೆ? ಟ್ಯಾಕ್ಸ್ ದರ ಬದಲಾಯಿಸೋದು ಹೇಗೆ?"

ಅಲ್ಲಿದೆ ನೋಡಿ ನಿಜವಾದ ಗಂಟು. ಅಂಗಡಿಯಲ್ಲಿರುವುದು ತಯಾರಾದ ಪ್ರೋಗ್ರಾಂ, ಅಂದರೆ ಅರೆದ ಮಸಾಲೆ ಪುಡಿ. ಅದನ್ನು ತಿದ್ದಲು ಅಳತೆಯ ಚೀಟಿ ಬೇಕು, ಅಂದರೆ ಸೋರ್ಸ್ ಕೋಡು. ಪುಡಿಯಿಂದ ಚೀಟಿ ಹೊರಡಿಸುವುದು ಆಗದ ಮಾತು. ಇಂಥ ಪ್ರೋಗ್ರಾಂ ಇಟ್ಟುಕೊಂಡ ಎಷ್ಟು ಅಂಗಡಿಯವರು ಚೀಟಿ ಕೇಳಿ ಇಸಿದುಕೊಂಡಿದ್ದಾರೆ? ದುಡ್ಡು ಕೊಟ್ಟವರು ಇವರು, ಚೀಟಿ ಮಾತ್ರ ಬರೆದವರ ಜೊತೆ ಬಸ್ಸು ಹತ್ತಿರುತ್ತದೆ. ಈ ಸಾಹುಕಾರರ ಪುಣ್ಯ, ಹುಡುಗ ಆಗಲೇ ಒಂದು ಸಿ.ಡಿ. ಬರೆದುಕೊಟ್ಟಿದ್ದ. ಜಿಎಸ್‌ಟಿ ಶುರುವಾದ 2017ರಲ್ಲಿ ತಿದ್ದಿದ ಮೇಲೂ ಇನ್ನೊಂದು ಪ್ರತಿ ಕೊಟ್ಟಿದ್ದ. ಎರಡೂ ಲಕ್ಷ್ಮೀ ಪಟದ ಹಿಂದೆ ಸಿಕ್ಕವು!

ಇನ್ನು ಚೀಟಿ ಹಿಡಿದು ಯಾವ ಭಾಷೆಗೆ ಹೋಗುವುದು? ಕಂಪ್ಯೂಟರ್ ಮಾರಿದವರ ಸಲಹೆ ಸುಲಭ: "ಎಲ್ಲಾ ಕಿತ್ತಾಕಿ ಹೊಸದು ಹಾಕೋಣ, ವರ್ಷ ವರ್ಷ ಬಾಡಿಗೆ ಕಟ್ಟಿದ್ರಾಯ್ತು." ಸಾಹುಕಾರರು ಒಪ್ಪಲಿಲ್ಲ. ಅವರ ಪ್ರೋಗ್ರಾಮಿಗೆ ಚೀಲದ ತೂಕ ಕಳೆಯುವುದು ಗೊತ್ತು, ಹಮಾಲಿ ಸೇರಿಸುವುದು ಗೊತ್ತು, ಯಾವ ಅಂಗಡಿಗೆ ಯುಗಾದಿವರೆಗೆ ಉದ್ರಿ, ಯಾವುದಕ್ಕೆ ವಾರಕ್ಕೇ ಖಡಾಖಡಿ ಅನ್ನುವುದೂ ಗೊತ್ತು. ಇಪ್ಪತ್ತೆರಡು ವರ್ಷದ ವ್ಯಾಪಾರದ ಬುದ್ಧಿ ಅದು.

ಚಿಲ್ಲರೆ ಪೈಸೆ ವಿಷಯ ಕೇಳಿ. ವಿಬಿಯ ರೌಂಡ್ ಎಂಬ ಆಜ್ಞೆಗೆ 42 ರೂಪಾಯಿ 50 ಪೈಸೆ ಕೊಟ್ಟರೆ 42 ಅನ್ನುತ್ತದೆ, 43 ರೂಪಾಯಿ 50 ಪೈಸೆ ಕೊಟ್ಟರೆ 44 ಅನ್ನುತ್ತದೆ. ತಪ್ಪಲ್ಲ. ಸರಿಯಾಗಿ ಅರ್ಧಕ್ಕೆ ನಿಂತಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ಪದ್ಧತಿ. ಬೇರೆ ಭಾಷೆಯಲ್ಲಿ ಹೊಸದಾಗಿ ಬರೆದರೆ ಎರಡನ್ನೂ ಮೇಲಕ್ಕೇ ಏರಿಸಿಬಿಡಬಹುದು. ಆಗ ಹಳೇ ಖಾತೆಗೂ ಹೊಸ ಖಾತೆಗೂ ಅಲ್ಲೊಂದು ರೂಪಾಯಿ ಇಲ್ಲೊಂದು ರೂಪಾಯಿ ಫರಕು. ಉದ್ರಿ ತೀರಿಸಲು ಬಂದ ಗಿರಾಕಿ ಜಗಳಕ್ಕೆ ನಿಲ್ಲಲು ಇಷ್ಟು ಸಾಲದೆ?

ಹಾಗಾಗಿ ಪ್ರೋಗ್ರಾಮರು ಹಿಡಿದದ್ದು ಹೊಸ ಕಾಲದ ಬೇಸಿಕ್ ದಾರಿ. ಅಂಥವು ನಾಲ್ಕಾರಿವೆ. ಲಿನಕ್ಸಿನವರಿಗೆ ಪುಕ್ಕಟೆ ಸಿಗುವ ಗಂಬಾಸ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಪ್ರೋಗ್ರಾಂ ಮಾಡುವ ಜೋಜೋ ಇದೆ. ಹಿಂದೆ ರಿಯಲ್‌ಬೇಸಿಕ್ ಎನಿಸಿಕೊಂಡಿದ್ದು 2013ರಲ್ಲಿ ಹೆಸರು ಬದಲಿಸಿಕೊಂಡಿತು. ಚೆನ್ನಾಗಿಯೇ ಇವೆ, ಆದರೆ ವಿಬಿ 6ರ ಚೀಟಿಯನ್ನು ಇದ್ದ ಹಾಗೇ ನುಂಗುವುದಿಲ್ಲ, ಮತ್ತೆ ಬರೆಯಬೇಕು. ನುಂಗಲೆಂದೇ ಹುಟ್ಟಿದ್ದು ಟ್ವಿನ್‌ಬೇಸಿಕ್. ಇಂಗ್ಲೆಂಡಿನ ವೇಯ್ನ್ ಫಿಲಿಪ್ಸ್ 2021ರಲ್ಲಿ ಅದನ್ನು ಪರೀಕ್ಷೆಗೆಂದು ಹೊರಬಿಟ್ಟರು. ಹಳೇ ಪ್ರಾಜೆಕ್ಟನ್ನು ತೆರೆಯುತ್ತದೆ, ಹಳೇ ಸಾಲುಗಳನ್ನು ಹಾಗೇ ಓದುತ್ತದೆ, ವಿಬಿ 6ಕ್ಕೆ ಆಗದ 64 ಬಿಟ್ ಪ್ರೋಗ್ರಾಮನ್ನೂ ಕಟ್ಟಿಕೊಡುತ್ತದೆ. ದೊಡ್ಡ ಕಂಪನಿ ಕೈಬಿಟ್ಟದ್ದನ್ನು ಮುಖ್ಯವಾಗಿ ಒಬ್ಬ ಮನುಷ್ಯ ಎತ್ತಿ ಹಿಡಿದಿದ್ದಾನೆ. ಹಾಗಾದರೆ ಆ ಒಬ್ಬನನ್ನು ನಂಬಬಹುದೇ? ನಂಬಿಕೆಯ ಮಾತಾದರೆ ದೊಡ್ಡ ಕಂಪನಿ ಮಾಡಿದ್ದನ್ನೂ ಎಲ್ಲರೂ ನೋಡಿದ್ದಾರೆ.

64 ಬಿಟ್ ಆಸೆ ಇಲ್ಲಿ ಈಡೇರಲಿಲ್ಲ ಅನ್ನಿ. ಅಂಗಡಿಯ ಹಳೇ ಡೇಟಾಬೇಸಿನ ಕೀಲಿಯೂ, ಪಟ್ಟಿ ತೋರಿಸುವ ಹಳೇ ಬಿಡಿಭಾಗಗಳೂ 32 ಬಿಟ್ಟಿನವು. ಸದ್ಯಕ್ಕೆ 32 ಬಿಟ್ಟಿನಲ್ಲೇ ಕಟ್ಟಿದ್ದಾಯಿತು. ವಿಂಡೋಸ್ 11ಕ್ಕೆ ಅದೂ ಸೈ. ತೆರಿಗೆ ದರಗಳನ್ನು ಪ್ರೋಗ್ರಾಮಿನ ಹೊಟ್ಟೆಯಿಂದ ತೆಗೆದು ಬೇರೆ ಪಟ್ಟಿಯಲ್ಲಿಟ್ಟರು. ಮುಂದೆ ಸರ್ಕಾರ ದರ ಬದಲಿಸಿದರೆ ಸಾಹುಕಾರರೇ ಕೂತು ತಿದ್ದಬಹುದು.

ಕೆಲಸ ಹಿಡಿದದ್ದು ಕನ್ನಡದಲ್ಲಿ! ವಿಬಿ 6ರ ಪೆಟ್ಟಿಗೆಗಳಿಗೆ ಯುನಿಕೋಡ್ ಕನ್ನಡ ಬರೆದರೆ ಬರೀ ಪ್ರಶ್ನೆ ಚಿಹ್ನೆ. ಅದಕ್ಕೇ ಆಗ ಗಿರಾಕಿಗಳ ಹೆಸರನ್ನು ನುಡಿ ಅಕ್ಷರದಲ್ಲಿ ಹಾಕಿದ್ದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚೌಚೌ. ಹೊಸ ಬೇಸಿಕ್ಕಿಗೆ ಯುನಿಕೋಡ್ ಬರುತ್ತದೆ, ಆದರೆ ಹಳೇ ಹೆಸರುಗಳನ್ನು ಪರಿವರ್ತಿಸಬೇಕಲ್ಲ? ಹಳೇ ಪದ್ಧತಿಯಲ್ಲಿ ಅಕ್ಷರ ಕಂಡ ಕ್ರಮದಲ್ಲೇ ಕೂರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದ ಕ್ರಮ. ಅರ್ಕಾವತ್ತು ಬಂದಲ್ಲೆಲ್ಲ ಎಡವಟ್ಟು. ಪಾರ್ವತಮ್ಮನವರ ಹೆಸರು ಮೊದಲ ಸಲ ಪಾವರ್ತಮ್ಮ ಅಂತ ಬಂತು! ಸಾಹುಕಾರರ ಸೊಸೆ ಎರಡು ರಾತ್ರಿ ಕೂತು ಒಂದೊಂದೇ ಹೆಸರು ಓದಿ ತಿದ್ದಿದರು.

ಒಂದು ತಿಂಗಳು ಎರಡು ಕಂಪ್ಯೂಟರೂ ಅಕ್ಕಪಕ್ಕ ನಡೆದವು. ರಾತ್ರಿ ಬಾಗಿಲು ಹಾಕುವಾಗ ಎರಡರ ಮೊತ್ತ ತಾಳೆ ನೋಡುವುದು, ಫರಕು ಬಂದರೆ ಬರೆದಿಟ್ಟು ಭಾನುವಾರ ತೋರಿಸುವುದು. ಮೊದಲ ವಾರ ಫರಕು ಬಂತು, ಹಮಾಲಿ ಎರಡು ಸಲ ಸೇರಿತ್ತು. ಕೊನೆಯ ಹತ್ತು ದಿನ ಪೈಸೆಗೆ ಪೈಸೆ ತಾಳೆಯಾಯಿತು. ಹಳೇ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಅಟ್ಟಕ್ಕೇರಿಸಿದರು, ಮಾರಲಿಲ್ಲ. ಲಕ್ಷ್ಮೀ ಪಟದ ಹಿಂದೆ ಈಗ ಸಿ.ಡಿ. ಜೊತೆಗೆ ಒಂದು ಪೆನ್‌ಡ್ರೈವೂ ಇದೆ.

ಒಂದೇ ಒಂದು ದೂರು ಉಳಿದಿದೆ. ಹಳೇ ಇಂಗ್ಲಿಷ್ ಬಿಲ್ಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಸರ್ರನೆ ಹೊರಬರುತ್ತಿತ್ತು. ಕನ್ನಡವನ್ನು ಚಿತ್ರದ ಹಾಗೆ ಚುಕ್ಕಿ ಚುಕ್ಕಿ ಬಿಡಿಸಬೇಕಾದ್ದರಿಂದ ಈಗ ಪ್ರಿಂಟರು ಕುಂಟುತ್ತದೆ. ಸಂಜೆ ಬಸ್ಸಿನ ಹೊತ್ತಿಗೆ ಗಿರಾಕಿಗಳು ಗಡಿಯಾರ ನೋಡುತ್ತಾ ನಿಲ್ಲುತ್ತಾರೆ.

"ಐದೂವರೆ ಮೇಲೆ ಇಂಗ್ಲಿಷ್ ಬಿಲ್ಲು, ಅಲ್ಲೀವರೆಗೂ ಕನ್ನಡ, ಹಾಗೆ ಒಂದು ಬಟನ್ ಇಡಪ್ಪ" ಅಂದಿದ್ದಾರೆ ಸಾಹುಕಾರರು. ಬರೋ ಭಾನುವಾರ ಬಟನ್ ಬರುತ್ತದಂತೆ.