ಅಡ್ಡ ಹೆಸರಿನಲ್ಲಿ ಉಳಿದ ಊರು

ಬಾದಾಮಿಯಲ್ಲಿ ‘ಬಾದಾಮಿ’ ಎಂಬ ಅಡ್ಡ ಹೆಸರಿನವರನ್ನು ಹುಡುಕಲು ಹೊರಟರೆ ಚಪ್ಪಲಿ ಸವೆದೀತು. ಅದೇ ಹುಬ್ಬಳ್ಳಿಗೋ ಗದಗಿಗೋ ಹೋಗಿ ಕೇಳಿ, ‘ಬಾದಾಮಿಯವರ ಮನಿ ಅಲ್ಲೇ ಮುಂದ ಐತ್ರಿ’ ಎಂದು ಯಾರಾದರೂ ಕೈ ತೋರಿಸುತ್ತಾರೆ. ಹುನಗುಂದ, ಇಳಕಲ್ಲ, ಕಮತಗಿ, ಅಮೀನಗಡ, ಕೆರೂರ ಎಂಬ ಅಡ್ಡ ಹೆಸರುಗಳ ಕಥೆಯೂ ಇದೇ. ಊರಲ್ಲೇ ಉಳಿದವನಿಗೆ ಊರ ಹೆಸರು ಬೇಕಾಗುವುದಿಲ್ಲ. ಬಿಟ್ಟು ಹೋದವನಿಗೆ ಹೋದಲ್ಲಿಯ ಜನ ಅದನ್ನು ಅಂಟಿಸುತ್ತಾರೆ. ಎರಡು ತಲೆಮಾರು ಕಳೆದ ಮೇಲೆ ಮೊಮ್ಮಗ ಶಾಲೆಯಲ್ಲಿ ಹಾಗೇ ಬರೆಸುತ್ತಾನೆ, ತಾನು ಆ ಊರನ್ನು ಕಣ್ಣಲ್ಲಿ ನೋಡಿರದಿದ್ದರೂ.

ಬಾಗಲಕೋಟೆ ಜಿಲ್ಲೆ ಎಂದರೆ ಶಾಸನಗಳ ಜಿಲ್ಲೆ. ಶಾಸನ ಓದಲು ತಜ್ಞರು ಬೇಕು. ಅಡ್ಡ ಹೆಸರು ಓದಲು ಶಾಲೆಯ ಹಾಜರಿ ಪುಸ್ತಕ ಸಾಕು. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಎಂದರೆ ವತನದವರು. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಂದರೆ ಕಸುಬಿನವರು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದರೆ ಒಂದು ಕಾಲಕ್ಕೆ ಸಂತೆಯಲ್ಲಿ ಅದನ್ನೇ ಹರವಿಕೊಂಡು ಕೂತವರು ಎಂದು ಊಹಿಸಬಹುದು. ಉಳ್ಳಾಗಡ್ಡಿ ಎಂದು ಕರೆಸಿಕೊಂಡ ಡಾಕ್ಟರಿಗೆ ಈಗ ಬೆಂಗಳೂರಿನಲ್ಲಿ ದಿನಾ ಅರ್ಥ ಬಿಡಿಸಿ ಹೇಳುವ ಕೆಲಸ. ಇವೆಲ್ಲದರ ನಡುವೆ ಊರ ಹೆಸರನ್ನೇ ಅಡ್ಡ ಹೆಸರಾಗಿ ಹೊತ್ತವರು ಬೇರೆ ಜಾತಿಯ ದಾಖಲೆ. ಅವರು ‘ಬಂದವರು’. ಎಲ್ಲಿಂದ ಎಂಬುದಕ್ಕೆ ಹೆಸರೇ ಸಾಕ್ಷಿ. ಯಾವಾಗ, ಯಾಕೆ ಎಂಬುದಕ್ಕೆ ಮಾತ್ರ ಹೆಳವರನ್ನೇ ಕೇಳಬೇಕು.

ಹೆಳವ ಎಂದರೆ ಕುಂಟ. ಕಾಲಿಲ್ಲದವನನ್ನು ಬಸವಣ್ಣನವರೇ ನಂದಿಯ ಮೇಲೆ ಕೂರಿಸಿ, ‘ಶರಣರ ಮನೆತನಗಳ ಹೆಸರು ಹೇಳಿಕೊಂಡು ಬದುಕು’ ಎಂದರಂತೆ. ಇದು ಅವರ ಬಾಯಲ್ಲೇ ಇರುವ ಐತಿಹ್ಯ. ನಡೆಯಬಲ್ಲ ಹೆಳವನೂ ಎತ್ತಿನ ಮೇಲೆ ಕಂಬಳಿ ಹೊದ್ದು, ಕಾಲು ಕಾಣದಂತೆ ಕೂತು ಗಂಟೆ ಬಾರಿಸುತ್ತ ಓಣಿಗೆ ಬರುತ್ತಿದ್ದದ್ದು ಅದಕ್ಕೇ. ಉತ್ತರ ಕರ್ನಾಟಕದ ರೈತಾಪಿ ಮನೆತನಗಳ ವಂಶಾವಳಿ ಇವರ ಪಾಲು. ಯಾವ ಹೆಳವರ ಮನೆಗೆ ಯಾವ ಊರುಗಳು ಎಂಬುದು ತಲೆತಲಾಂತರದಿಂದ ಹಂಚಿಹೋಗಿದೆ; ಅಣ್ಣತಮ್ಮಂದಿರು ಬೇರೆಯಾದಾಗ ಹೊಲದಂತೆ ಊರುಗಳೂ ಪಾಲಾಗುತ್ತವೆ. ಸುಗ್ಗಿ ಮುಗಿದು ಕಣದ ಕಾಳು ಮನೆಗೆ ಬಂದ ಮೇಲೆ ಅವರ ಸವಾರಿ. ಕಾಳು, ಬಟ್ಟೆ, ಪಾತ್ರೆ, ಅನುಕೂಲವಿದ್ದವರ ಮನೆಯಲ್ಲಿ ಒಂದು ಆಕಳು, ಈಗ ರೊಕ್ಕ.

ನಮ್ಮ ಮನೆಗೆ ಅವರು ಬಂದದ್ದು ಬಹಳ ವರ್ಷಗಳ ಮೇಲೆ. ಎತ್ತಿಲ್ಲ, ಮೋಟರ್ ಸೈಕಲ್ಲು. ಗೇಟಿನ ಹೊರಗೆ ನಿಂತೇ ಅಜ್ಜನ ಅಪ್ಪನ ಹೆಸರು ಹಿಡಿದು ಕೂಗಿದಾಗ ಮನೆಯಲ್ಲಿ ಕಿರಿಯರೆಲ್ಲ ಗಾಬರಿ. ಅಪ್ಪ ಒಳಗಿಂದ ಎದ್ದು ಬಂದು, ಕಾಲಿಗೆ ನೀರು ಕೊಡಿಸಿ, ಪಡಸಾಲೆಯಲ್ಲಿ ಜಮಖಾನೆ ಹಾಸಿಸಿದರು. ಬಟ್ಟೆಯ ಗಂಟು ಬಿಚ್ಚಿದರೆ ಉದ್ದನೆಯ ವಹಿ, ಅಂಚೆಲ್ಲ ಎಣ್ಣೆ ಬೆರಳಿನಿಂದ ಕಪ್ಪಾದದ್ದು. ಆದರೆ ಆತ ಅದನ್ನು ನೋಡಿದ್ದು ಕಡಿಮೆ. ಕಣ್ಣು ಮುಚ್ಚಿ ರಾಗದಲ್ಲಿ ಶುರುಮಾಡಿದ. ಮೂಲಪುರುಷ, ಅವನ ಮನೆದೇವರು, ಬಿಟ್ಟ ಊರು, ನಡುವೆ ತಂಗಿದ ಊರು, ಕೂತ ಊರು. ಅವನ ಮಕ್ಕಳೆಷ್ಟು, ಯಾರ ಸಂತಾನ ನಿಂತಿತು, ಯಾರದು ಎತ್ತ ಹೋಯಿತು. ಒಂದು ಕಡೆ ಅಪ್ಪ ತಡೆದು ಕೇಳಿದರು:

‘ಆ ಊರು ಎಲ್ಲಿ ಬರ್ತದ್ರಿ? ನಾವು ಕೇಳೇ ಇಲ್ಲ.’

‘ಊರ ಎಲ್ಲೈತ್ರಿ ಯಜಮಾನ್ರ, ಬೇಚಿರಾಕ ಆಗಿ ಹೋಗೇತಿ. ಒಂದ ಹಣಮಪ್ಪನ ಗುಡಿ ಅಷ್ಟ ಐತಿ.’

ಬೇಚಿರಾಕ್. ದೀಪ ಹಚ್ಚುವವರಿಲ್ಲದ ಊರು. ಕಂದಾಯ ದಾಖಲೆಯಲ್ಲಿ ಹೆಸರಿದೆ, ಸರ್ವೆ ನಂಬರುಗಳಿವೆ, ಮನುಷ್ಯರಿಲ್ಲ. ನಮ್ಮ ಕಡೆ ಇಂಥ ಊರುಗಳು ಹಲವು. ಕಾರಣ ಕೇಳಿದರೆ ಹಿರಿಯರು ಪ್ಲೇಗು ಅನ್ನುತ್ತಾರೆ, ದಂಡು ಬಿತ್ತು ಅನ್ನುತ್ತಾರೆ, ಹೆಚ್ಚಾಗಿ ಬರ ಅನ್ನುತ್ತಾರೆ. ಸತ್ತವರನ್ನು ಸುಡಲು ಹೂಳಲು ಜನ ಸಾಲದೆ ಹೊಲಗಳಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂದು 1791-92ರ ಬರಕ್ಕೆ ಡೋಗಿ ಬರ ಎಂದೇ ಹೆಸರು. 1876ರಲ್ಲಿ ಶುರುವಾದ ಬರದ ಹೊತ್ತಿಗೆ ನಮ್ಮ ಸೀಮೆ ಕಲಾದಗಿ ಜಿಲ್ಲೆ. ಬಾಗಲಕೋಟೆಗೆ ಹತ್ತಿರದ ಕಲಾದಗಿಯೇ ಆಗ ಜಿಲ್ಲಾಸ್ಥಳ. ಮುಂಬಯಿ ಇಲಾಖೆಯಲ್ಲಿ ಆ ಬರಕ್ಕೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಇದೂ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಏರುವುದಿರಲಿ, ಬಹಳ ಇಳಿದಿತ್ತು. ‘ನಾವು ಇಲ್ಲಿಯ ಮೂಲ ನಿವಾಸಿಗಳು’ ಎಂದು ಎದೆ ತಟ್ಟುವವರು ಒಮ್ಮೆ ಹೆಳವರ ಪಾಠ ಕೇಳುವುದು ಒಳ್ಳೆಯದು. ಎಲ್ಲ ಮನೆತನವೂ ಯಾವುದೋ ಬರದಲ್ಲಿ ಗಂಟು ಕಟ್ಟಿದ್ದೇ.

ಕರಾವಳಿಯ ಕಡೆ ಮನೆತನ ಹುಡುಕುವವರು ಮೂಲದ ನಾಗಬನ ಹುಡುಕುತ್ತಾರೆ. ಮುಂಬಯಿಯಲ್ಲಿ ಹೋಟೆಲು ಇಟ್ಟವನೂ ವರ್ಷಕ್ಕೊಮ್ಮೆ ಅಲ್ಲಿಗೆ ತನು ಎರೆಯಲು ಬರುತ್ತಾನೆ. ನಮ್ಮಲ್ಲಿ ಆ ಕೆಲಸ ಮಾಡುವುದು ಮನೆದೇವರು. ಅಡ್ಡ ಹೆಸರು ಬದಲಾಗಬಹುದು, ಕಸುಬು ಬಿಡಬಹುದು, ಮನೆದೇವರನ್ನು ಬಿಡುವಂತಿಲ್ಲ. ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿಗೆ ಬನದ ಹುಣ್ಣಿಮೆಗೆ ಬರುವ ಜನರನ್ನು ನೋಡಿ. ತೇರಿನ ಮುಂದೆ ಮರಾಠಿ ಕೇಳುತ್ತದೆ, ತೆಲುಗು ಕೇಳುತ್ತದೆ. ಯಾವ ಕಾಲಕ್ಕೋ ಮಲಪ್ರಭೆಯ ಸೀಮೆ ಬಿಟ್ಟು ಹೋದವರ ಸಂತಾನ. ಭಾಷೆ ಮರೆತಿದೆ, ದೇವಿ ಮರೆತಿಲ್ಲ. ನೇಕಾರ ದೇವಾಂಗರಿಗೆ ಇವಳೇ ಕುಲದೇವತೆ. ಜಾತ್ರೆಗೆ ಮುನ್ನ ‘ಪಲ್ಲೇದ ಹಬ್ಬ’. ಶಾಕಂಬರಿಗೆ ನೂರೆಂಟು ಬಗೆಯ ಕಾಯಿಪಲ್ಲೆಯ ನೈವೇದ್ಯ. ಆಮೇಲೆ ತಿಂಗಳುಗಟ್ಟಲೆ ನಾಟಕ ಕಂಪನಿಗಳ ಡೇರೆ. ಹೆಣ್ಣು ಗಂಡು ನೋಡುವ ಶಾಸ್ತ್ರವೂ ಆ ಡೇರೆಗಳ ಸುತ್ತಮುತ್ತಲೇ ಎಷ್ಟೋ ಸಲ ಮುಗಿಯುತ್ತದೆ.

ಮನೆತನದ ಚರಿತ್ರೆ ಕಲ್ಲಿಗೇ ಹತ್ತಿಕೊಂಡ ಊರು ನೋಡಬೇಕೆಂದರೆ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಬೇಕು. ಪ್ರವಾಸಿಗರು ಅಲ್ಲಿ ಚಾಲುಕ್ಯರನ್ನು ನೋಡಿ ಬರುತ್ತಾರೆ. ನನಗೆ ಯಾವಾಗಲೂ ಕಾಡುವುದು ಗುಡಿಗಳ ಹೆಸರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನ ಗುಡಿ. ಇವು ಯಾವುವೂ ಗುಡಿ ಕಟ್ಟಿದವರ ಹೆಸರಲ್ಲ, ಒಳಗಿದ್ದ ದೇವರ ಹೆಸರೂ ಅಲ್ಲ. ಎಷ್ಟೋ ಶತಮಾನ ಕಳೆದ ಮೇಲೆ ಅವುಗಳಲ್ಲಿ, ಅವುಗಳ ಮಗ್ಗುಲಲ್ಲಿ ಒಲೆ ಹೂಡಿದವರ ಹೆಸರು. ಪೂಜೆ ನಿಂತ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು, ಮಿಥುನ ಶಿಲ್ಪದ ಪಕ್ಕದ ಗೂಟಕ್ಕೆ ನೊಗ ನೇತುಹಾಕುತ್ತಿದ್ದರು. ಪುರಾತತ್ವ ಇಲಾಖೆ ಬಂದು ಅವರನ್ನು ಹೊರಗೆ ಕಳಿಸಿ ಗುಡಿ ತೊಳೆದು ತಂತಿಬೇಲಿ ಹಾಕಿತು. ಜನ ಹೋದರು, ಹೆಸರು ಹೋಗಲಿಲ್ಲ. ಕಟ್ಟಿಸಿದ ಅರಸನ ಹೆಸರು ಯಾರಿಗೂ ಗೊತ್ತಿರದ ಗುಡಿಗೆ ಬಡಿಗನ ಮನೆತನದ ಹೆಸರು ಇಲಾಖೆಯ ನೀಲಿ ಫಲಕದ ಮೇಲೆ ನಿಂತಿದೆ. ಇದಕ್ಕಿಂತ ದೊಡ್ಡ ಮನೆತನದ ಗೌರವ ಬೇರೆ ಬೇಕೆ? ಅಂದ ಹಾಗೆ ದುರ್ಗದ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ. ಅದರ ನೆತ್ತಿಯ ಮೇಲೆ ಯಾರೋ ಕಾವಲಿಗೆ ಕಲ್ಲು ಒಟ್ಟಿ ದುರ್ಗ ಮಾಡಿಕೊಂಡಿದ್ದರು, ಅಷ್ಟೇ.

ಇದೇ ಐಹೊಳೆಯಿಂದ ಹೊರಟವರ ಕಥೆ ಇನ್ನೂ ದೊಡ್ಡದು. ಅಯ್ಯಾವೊಳೆ ಐನೂರ್ವರು ಎಂದು ಕರೆದುಕೊಂಡ ವರ್ತಕರ ಸಂಘ ಇಲ್ಲಿ ಹುಟ್ಟಿ, ಕತ್ತೆ, ಕೋಣ, ಬಂಡಿಗಳ ಮೇಲೆ ಸರಕು ಹೇರಿಕೊಂಡು ದಕ್ಷಿಣದ ಎಲ್ಲ ಸೀಮೆಗೂ ಹಬ್ಬಿತು. ಅವರ ಶಾಸನಗಳು ತಮಿಳುನಾಡಿನಲ್ಲಿವೆ, ಕೇರಳದಲ್ಲಿವೆ, ಶ್ರೀಲಂಕಾದಲ್ಲಿವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಸಿಕ್ಕ 1088ರ ತಮಿಳು ಶಾಸನವೂ ಐನೂರ್ವರ ಹೆಸರು ಹೇಳುತ್ತದೆ. ಅಷ್ಟು ಹೊತ್ತಿಗೆ ಅವರಲ್ಲಿ ಎಷ್ಟು ಜನ ಮಲಪ್ರಭೆಯ ನೀರು ಕುಡಿದಿದ್ದರೋ, ಹೆಸರಂತೂ ಊರಿನದೇ. ಸಮುದ್ರದ ನಂಟು ಅವರಿಗಿಂತ ಹಳೆಯದು. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ 634-35ರಲ್ಲಿ ರವಿಕೀರ್ತಿ ಬರೆಸಿದ ಶಾಸನದಲ್ಲಿ ಮಂಗಲೇಶನ ಸೇನೆ ರೇವತೀದ್ವೀಪವನ್ನು ಮುತ್ತಿದ್ದೂ ಇಮ್ಮಡಿ ಪುಲಕೇಶಿಯ ಹಡಗುಗಳು ಪುರಿ ಎಂಬ ಪಟ್ಟಣಕ್ಕೆ ನುಗ್ಗಿದ್ದೂ ಇದೆ. ಅವೆರಡೂ ಪಡುವಣ ಕಡಲಂಚಿನ ಜಾಗಗಳು. ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆ ಹೊರಡಿಸಿದ ತಾಮ್ರಪಟಗಳು ಸಿಕ್ಕಿದ್ದು ಕೊಂಕಣದ ನೇರೂರು, ಕೋಚರೆಗಳಲ್ಲಿ. ಕರಾವಳಿಗೆ ಮೊದಲು ಬಂದು ನೆಲೆಸಿದವರ ಪಟ್ಟಿ ಮಾಡುವಾಗ ಘಟ್ಟದ ಮೇಲಿನ ಈ ಕೆಂಪುಕಲ್ಲಿನ ಊರುಗಳನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಮನೆತನ ಎಂದರೆ ನೆಲದಲ್ಲಿ ತೋಡಿದ ಕುಣಿ. ಕುಣಿಮಗ್ಗದ ಮುಂದೆ ನೇಕಾರ ನೆಲಕ್ಕೇ ಕೂತು ಕಾಲು ಒಳಗೆ ಇಳಿಬಿಡುತ್ತಾನೆ. ಅಜ್ಜ ಕೂತ ಕುಣಿಯಲ್ಲೇ ಅಪ್ಪ, ಅಪ್ಪ ಕೂತಲ್ಲೇ ಮಗ. ಅಂಚು ಅವರ ತೊಡೆ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ಒಡಲಿಗೆ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಇನ್ನೊಂದು ಹಾಸು. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು, ಪ್ರತಿ ಸೀರೆಗೂ. ತೋಪ್ ತೆನಿ ಸೆರಗಿನ ಈ ಕೊಂಡಿ ಹಾಕುವ ಕೆಲಸ ಮನೆಯ ಹೆಣ್ಣುಮಕ್ಕಳ ಬೆರಳಿನದು. ಆದರೆ ‘ಇಂಥವರ ಮಗ್ಗ’ ಎಂದು ಕರೆಯುವುದು ಗಂಡಸರ ಹೆಸರಿನಿಂದ. ಗುಳೇದಗುಡ್ಡದ ಖಣಕ್ಕೂ ಇದೇ ಮಾತು. ವಿದ್ಯುತ್ ಮಗ್ಗ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ಒಂದು ಮನೆಯಲ್ಲಿ ಸೋಫಾದ ಕೆಳಗೆ ಬೇರೆ ಬಣ್ಣದ ನಾಲ್ಕು ಟೈಲ್ಸ್ ಕಂಡು ಕೇಳಿದರೆ, ‘ಅದs ನಮ್ಮ ಅಜ್ಜನ ಕುಣಿ’ ಅಂದರು.

ಹೆಣ್ಣುಮಕ್ಕಳ ಮಾತು ಬಂತೆಂದು ಹೇಳುತ್ತೇನೆ. ಆ ದಿನ ನಮ್ಮ ಪಡಸಾಲೆಯಲ್ಲಿ ಪಾಠ ಮುಗಿದ ಮೇಲೆ, ತವರಿಗೆ ಬಂದಿದ್ದ ನಮ್ಮಕ್ಕ ಅಡಿಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು: ‘ಏಳು ತಲಿ ಹೇಳಿದ್ರಿ. ಅದರಾಗ ಒಂದರ ಹೆಣಮಗಳ ಹೆಸರು ಬರಲಿಲ್ಲಲ್ರೀ?’

‘ನೀವು ಹೋದ ಮನೀ ವಹಿಯೊಳಗ ಬರ್ತೀರಿ ಅಕ್ಕಾರ,’ ಅಂದ ಹೆಳವ.

‘ಅಲ್ಲಿ ಸೊಸಿ ಅಂತ ಬರ್ತೀನಿ. ನಾ ಎಲ್ಲಿಯಾಕಿ ಅಂತ ಎಲ್ಲಿ ಬರ್ತದ?’

ಆತ ನಕ್ಕ. ಉತ್ತರ ಇರಲಿಲ್ಲ. ತಪ್ಪು ಆತನೊಬ್ಬನದೂ ಅಲ್ಲ. ಊರ ಹೊಲಮನೆಯ ದಾಖಲೆಯೂ ಗಂಡಸರ ಹೆಸರಿನ ಮೇಲೆಯೇ ನಡೆದದ್ದು. ಕುಲಕರ್ಣಿಗಳ ಮನೆಯ ಅಟ್ಟದ ಮೇಲಿದ್ದ ದಫ್ತರಗಳು ಮೋಡಿ ಲಿಪಿಯವು, ಅವನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು. ಹೆಳವರ ವಹಿಯಾದರೂ ಕನ್ನಡದ್ದು, ಓದುವ ದನಿಯೂ ಇನ್ನೂ ಇದೆ.

ಎಷ್ಟು ದಿನ ಎಂಬುದು ಬೇರೆ ಮಾತು. ಬಾಗಲಕೋಟೆಯ ಮಟ್ಟಿಗೆ ಹೆಳವರಿಗೂ ದಾರಿ ತಪ್ಪಿದ್ದು ನೀರಿನಿಂದ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ. ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುವ ಹೊತ್ತಿಗೆ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿಗೆ ಹೋದವು. ಜನ ಮನೆ ಬಿಚ್ಚಿದರು. ತೊಲೆ, ಜಂತಿ, ಕಂಬ, ಹೊಸ್ತಿಲ ಸಮೇತ ಬಾಗಿಲ ಚೌಕಟ್ಟು ಟ್ರ್ಯಾಕ್ಟರಿಗೆ ಹೇರಿ ನವನಗರಕ್ಕೆ ತಂದರು. ಸಿಮೆಂಟಿನ ಮನೆಗಳಿಗೆ ಸಾಗವಾನಿಯ ಹಳೆಯ ತಲಬಾಗಿಲು ಕೂರಿಸಿದ್ದನ್ನು ಇಂದಿಗೂ ನೋಡಬಹುದು. ಬಾಗಿಲಿಗೆ ತಕ್ಕಂತೆ ಗೋಡೆ ಎತ್ತರಿಸಿದವರೂ ಇದ್ದಾರೆ. ತರಲಾಗದ್ದು ಓಣಿ. ನವನಗರದಲ್ಲಿ ಇರುವುದು ಸೆಕ್ಟರ್ ನಂಬರು, ಪ್ಲಾಟ್ ನಂಬರು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಹೆಸರುಗಳು ಹೋಳಿಹುಣ್ಣಿಮೆಗೆ ಹಲಗಿ ಬಡಿತದ ಜೊತೆ ಮಾತ್ರ ಜೋರಾಗಿ ಎದ್ದು ಬರುತ್ತವೆ. ಬಣ್ಣದ ಬಂಡಿಗಳು ಇಂದಿಗೂ ಹೊರಡುವುದು ಪೇಟೆಗಳ ಹೆಸರಿನಲ್ಲಿ, ಸೆಕ್ಟರಿನ ಹೆಸರಿನಲ್ಲಿ ಅಲ್ಲ.

‘ಓಣಿ ಹೆಸರು ಹೇಳಿದ್ರ ಕಣ್ಣ ಕಟ್ಟಿ ಬಿಟ್ರೂ ಬರ್ತಿದ್ವಿರಿ. ಈ ನಂಬರ ಹಿಡದ ಹುಡಕೂದ್ರಾಗ ಎರಡ ದಿನಾ ಹೋತ್ರಿ’ ಅಂದಿದ್ದ ಹೆಳವ, ಚಹಾ ಬಸಿಗೆ ಸುರಿದುಕೊಳ್ಳುತ್ತ. ಹುಡುಕಿ ಸಿಗದ ಮನೆತನಗಳ ಪಾಠ ಅಲ್ಲಿಗೇ ನಿಂತಿದೆ. ನೀರು ಮತ್ತೂ ಏರಲಿದೆ. 524.256 ಮೀಟರಿನವರೆಗೆ ನಿಲ್ಲಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದು ಜಾರಿಗೆ ಬಂದ ದಿನ ಇನ್ನಷ್ಟು ಊರುಗಳು ಕಂದಾಯ ದಾಖಲೆಯಲ್ಲಿ ಬರೀ ಹೆಸರಾಗುತ್ತವೆ. ಪರಿಹಾರದ ಕಡತದಲ್ಲಿ ಮನೆಯ ಅಳತೆ ಇರುತ್ತದೆ, ಮನೆತನದ್ದು ಇರುವುದಿಲ್ಲ.

ಹೊರಡುವ ಮುನ್ನ ಆತ ವಹಿ ಬಿಚ್ಚಿ ನಮ್ಮ ಪುಟದ ಕೆಳಗೆ ಸೆಕ್ಟರ್ ನಂಬರು, ಪ್ಲಾಟ್ ನಂಬರು ಬರೆದುಕೊಂಡ. ಅಕ್ಕ ಬಿಡಲಿಲ್ಲ, ತನ್ನ ಹೆಸರನ್ನೂ ಅತ್ತೆಯಂದಿರ ಹೆಸರನ್ನೂ ಹೇಳಿ ಬರೆಸಿದಳು. ಮುಂದಿನ ಸಲ ಬಂದಾಗ ರಾಗದಲ್ಲಿ ಅವೂ ಬರುತ್ತವೋ ನೋಡಬೇಕು.

ಈ ಸುಗ್ಗಿಗೆ ನಿಮ್ಮ ಗೇಟಿನ ಮುಂದೆ ಯಾರಾದರೂ ನಿಂತು ನಿಮ್ಮ ಮುತ್ತಜ್ಜನ ಹೆಸರು ಕೂಗಿದರೆ, ‘ಮುಂದಕ್ಕೆ ಹೋಗಪ್ಪಾ’ ಅನ್ನಬೇಡಿ. ಒಳಗೆ ಕರೆಯಿರಿ, ಫೋನಿನಲ್ಲಿ ರೆಕಾರ್ಡ್ ಹಚ್ಚಿ ಮುಂದಿಡಿ, ಪೂರ್ತಿ ಪಾಠ ಹೇಳಿಸಿ. ಹೋಗುವಾಗ ಹೊಸ ವಿಳಾಸ ಬರೆಸಿ, ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ.