ನಡುವಯಸ್ಸಿನಲ್ಲಿ ವಿದೇಶ ಪ್ರವಾಸ

‘ಕೋಶ ಓದು, ದೇಶ ಸುತ್ತು’ ಎಂಬುದು ನಮ್ಮ ನಾಡಿನ ಹಳೆಯ ಹಿತನುಡಿ. ಇದರ ಮೊದಲನೆಯ ಭಾಗವನ್ನು ನೆರವೇರಿಸಲು ಶಾಲೆಗಳಿವೆ, ಗ್ರಂಥಾಲಯಗಳಿವೆ. ಎರಡನೆಯ ಭಾಗ ಮಾತ್ರ ತರುಣರಿಗೆ ಸೇರಿದ್ದೆಂಬ ಭಾವನೆ ಜನರಲ್ಲಿ ಬೇರೂರಿದೆ. ನಲವತ್ತೈದು ದಾಟಿದ ಗೃಹಸ್ಥನು ‘ಇನ್ನೇನಿದ್ದರೂ ಮಕ್ಕಳ ಕಾಲ’ ಎಂದುಕೊಂಡು ತನ್ನ ಊರು, ತನ್ನ ಉದ್ಯೋಗ, ತನ್ನ ಮನೆಗಳ ಎಲ್ಲೆಯೊಳಗೇ ನಿಂತುಬಿಡುತ್ತಾನೆ. ಆದರೆ ಪರದೇಶವನ್ನು ಕಂಡು ಫಲ ಪಡೆಯುವ ಶಕ್ತಿ ಪಕ್ವವಾಗುವುದು ಬಹುಮಟ್ಟಿಗೆ ಈ ವಯಸ್ಸಿನಲ್ಲಿಯೇ ಎಂಬುದನ್ನು ವಿಚಾರಿಸಿ ನೋಡಬೇಕು.

ಚಲನೆಯನ್ನು ಗೌರವಿಸುವುದು ಶರಣಧರ್ಮಕ್ಕೆ ಹೊಸತಲ್ಲ. ನಿಂತಲ್ಲಿ ನಿಲ್ಲದೆ ಅರಿವನ್ನು ಹೊತ್ತು ಸಂಚರಿಸುವ ಜಂಗಮಕ್ಕೆ ಅದು ಹಿರಿಯ ಸ್ಥಾನವನ್ನು ಕೊಟ್ಟಿದೆ. ಕಾಶ್ಮೀರದ ಅರಸನೊಬ್ಬನು ಪತ್ನಿಯೊಡನೆ ಸಿಂಹಾಸನವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಗೊಂಡು ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಮರುಳಶಂಕರದೇವರು ಅಫಘಾನಿಸ್ಥಾನದ ಕಡೆಯಿಂದ ಬಂದವರೆಂಬ ಪ್ರತೀತಿಯೂ ಇದೆ. ಸಮುದ್ರವನ್ನು ದಾಟಿದವನಿಗೆ ಪ್ರಾಯಶ್ಚಿತ್ತ ವಿಧಿಸುವ ರೂಢಿ ದೇಶದ ಹಲವು ಜಾತಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇದ್ದಿತು. ಆ ಕಟ್ಟಳೆ ಇಂದು ಅಳಿದಿದೆ. ಉಳಿದಿರುವುದು ಮನಸ್ಸಿನ ಹಿಂಜರಿಕೆ ಮಾತ್ರ.

ನಡುವಯಸ್ಸಿನ ಪ್ರವಾಸಿಗಿರುವ ವಿಶೇಷ ಅನುಕೂಲವೇನು? ಅವನ ಕೈಯಲ್ಲಿ ಒಂದು ಅಳತೆಗೋಲು ಇರುತ್ತದೆ. ಇಪ್ಪತ್ತರ ತರುಣನು ಪರದೇಶದಲ್ಲಿ ಕಂಡದ್ದಕ್ಕೆಲ್ಲ ಬೆರಗಾಗುತ್ತಾನೆ. ಆ ಬೆರಗು ಸಹಜ. ಆದರೆ ಇಪ್ಪತ್ತು ವರ್ಷ ಹೊಲ ಉತ್ತವನು ಅನ್ಯದೇಶದ ಹೊಲವನ್ನು ಕಂಡಾಗ ಅಲ್ಲಿಯ ಮಣ್ಣು, ನೀರು, ಆಳಿನ ಕೂಲಿ, ಪೇಟೆಯ ಧಾರಣೆಗಳನ್ನು ಕುರಿತು ಕೇಳುತ್ತಾನೆ. ಇಪ್ಪತ್ತು ವರ್ಷ ಪಾಠ ಹೇಳಿದ ಶಿಕ್ಷಕನು ಅಲ್ಲಿಯ ಶಾಲೆಯಲ್ಲಿ ಕಟ್ಟಡಕ್ಕಿಂತ ಮೊದಲು ಮಕ್ಕಳ ಮುಖವನ್ನು ನೋಡುತ್ತಾನೆ. ವಯಸ್ಸಾದಂತೆ ಹೊಸದನ್ನು ಥಟ್ಟನೆ ಗ್ರಹಿಸುವ ವೇಗ ಕುಗ್ಗುವುದು ನಿಜ. ಆದರೆ ಶಬ್ದಸಂಪತ್ತು ಮತ್ತು ಅನುಭವದಿಂದ ಬಂದ ತಿಳಿವಳಿಕೆಗಳು ಅರವತ್ತರ ಆಸುಪಾಸಿನವರೆಗೂ ಸಾಮಾನ್ಯವಾಗಿ ಕುಂದುವುದಿಲ್ಲವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹೋಲಿಸಿ ನೋಡಿ ಸಾರವನ್ನು ಹಿಡಿಯುವ ಕೆಲಸಕ್ಕೆ ಬೇಕಾದುದು ಇಂಥ ತಿಳಿವಳಿಕೆಯೇ.

ಇದಕ್ಕೆ ಉಜ್ವಲವಾದ ನಿದರ್ಶನ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು 1898ರಲ್ಲಿ ಜಪಾನಿಗೆ ಹೋದರು. ಆಗ ಅವರಿಗೆ ನಲವತ್ತು ಸಮೀಪಿಸುತ್ತಿತ್ತು. ಹದಿನಾಲ್ಕು ವರ್ಷಗಳ ಅನುಭವ ಬೆನ್ನಿಗಿತ್ತು. ಜಪಾನು 1872ರಲ್ಲಿಯೇ ರಾಷ್ಟ್ರವ್ಯಾಪಿ ಶಿಕ್ಷಣ ಪದ್ಧತಿಗೆ ಅಡಿಪಾಯ ಹಾಕಿ, ಒಂದು ತಲೆಮಾರಿನೊಳಗೆ ಕೈಗಾರಿಕೆಯಲ್ಲಿ ಮುಂದುವರಿದಿದ್ದ ದೇಶ. ಮುಂಬಯಿಯ ಸೇವೆಯನ್ನು ಬಿಟ್ಟ ಮೇಲೆ 1908ರಲ್ಲಿ ಅವರು ಯುರೋಪು ಮತ್ತು ಅಮೆರಿಕಗಳ ಪ್ರವಾಸ ಕೈಗೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ತತ್ತರಿಸಿದಾಗ, ನೆರವಿಗೆ ಬರಬೇಕೆಂಬ ಕರೆ ಅವರಿಗೆ ತಲಪಿದುದು ಈ ಪ್ರವಾಸದಲ್ಲಿಯೇ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು. ಇವೆಲ್ಲವೂ ಪ್ರವಾಸದಿಂದಲೇ ಹುಟ್ಟಿದವೆಂದು ಹೇಳಲಾಗದು. ಆದರೆ ಶಿಕ್ಷಣ ಮತ್ತು ಉದ್ಯಮಗಳಿಲ್ಲದೆ ದೇಶಕ್ಕೆ ಏಳಿಗೆಯಿಲ್ಲವೆಂಬ ಅವರ ದೃಢನಿಶ್ಚಯದ ಹಿಂದೆ ಕಣ್ಣಾರೆ ಕಂಡ ದೇಶಗಳ ಹೋಲಿಕೆಯಿತ್ತು. ನಿವೃತ್ತಿಯಾದ ಮೇಲೂ ಅವರು ಜಪಾನು, ಅಮೆರಿಕಗಳನ್ನು ಮತ್ತೆ ನೋಡಿ ಬಂದರು. ಭಾರತದ ಪುನರ್ನಿರ್ಮಾಣವನ್ನು ಕುರಿತ ಅವರ ಆಂಗ್ಲ ಗ್ರಂಥ 1920ರಲ್ಲಿ ಪ್ರಕಟವಾಯಿತು.

ಸಾಹಿತ್ಯಕ್ಷೇತ್ರದಲ್ಲಿಯೂ ಇಂಥ ಉದಾಹರಣೆಗಳಿವೆ. ರವೀಂದ್ರನಾಥ ಠಾಕೂರರು 1912ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಅವರ ವಯಸ್ಸು ಐವತ್ತೊಂದು. ಅದಕ್ಕೆ ಮುಂಚೆ ಅನಾರೋಗ್ಯದಿಂದ ಪ್ರಯಾಣ ಮುಂದಕ್ಕೆ ಹೋಗಿದ್ದಿತು. ಆ ಬಿಡುವಿನಲ್ಲಿ ಆರಂಭಿಸಿ ಹಡಗಿನಲ್ಲಿ ಮುಂದುವರಿಸಿದ ಅನುವಾದಗಳೇ ಆಂಗ್ಲ ‘ಗೀತಾಂಜಲಿ’ಯಾಗಿ, ಮರುವರ್ಷ ನೊಬೆಲ್ ಪಾರಿತೋಷಕವನ್ನು ತಂದವು. ಕನ್ನಡದಲ್ಲಿ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಅವರ ಐವತ್ತರ ಆಸುಪಾಸಿನ ಯುರೋಪು ಪ್ರವಾಸದ ಫಲ. ನಡುವಯಸ್ಸನ್ನೂ ದಾಟಿದ ಮೇಲೆ ಹೋದವರೂ ಬರಿಗೈಯಲ್ಲಿ ಮರಳಲಿಲ್ಲ. ಎ. ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯ ಹೆಸರೇ ಇದಕ್ಕೆ ಸಾಕ್ಷಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ವಿದೇಶಕ್ಕೆ ಹೋಗಲು ಹಿಂದೆ ಸರಕಾರದ ಕೆಲಸವೋ ವಿದ್ವತ್ತಿನ ಆಹ್ವಾನವೋ ಬೇಕಾಗಿದ್ದಿತು. ಇಂದು ಮಕ್ಕಳು ಹೊರದೇಶದಲ್ಲಿ ನೆಲಸಿರುವುದರಿಂದ ಸಾಮಾನ್ಯ ಕುಟುಂಬದ ತಂದೆತಾಯಿಗಳಿಗೂ ಆ ಅವಕಾಶ ಒದಗಿದೆ. ಆದರೆ ಮಗಳ ಬಾಣಂತನಕ್ಕೆಂದು ಹೋದ ತಾಯಿ ಆರು ತಿಂಗಳು ನಾಲ್ಕು ಗೋಡೆಗಳ ನಡುವೆಯೇ ಕಳೆದು ಮರಳುವುದುಂಟು. ತಂದೆ ಕಿಟಕಿಯ ಬಳಿ ಕುಳಿತು ದಿನ ಎಣಿಸುವುದುಂಟು. ಅಷ್ಟು ದೂರ ಹೋದದ್ದು ದೇಹ ಮಾತ್ರ. ಅಂಥವರು ಸಮೀಪದ ಸಾರ್ವಜನಿಕ ಗ್ರಂಥಾಲಯಕ್ಕೆ, ಸಂತೆಗೆ, ಉದ್ಯಾನಕ್ಕೆ ನಡೆದು ಹೋಗಬೇಕು. ನೆರೆಯವರೊಡನೆ ಬಂದಷ್ಟು ಭಾಷೆಯಲ್ಲಿ ಮಾತನಾಡಬೇಕು. ಐವತ್ತು ವರ್ಷ ಇತರರಿಗೆ ಬುದ್ಧಿ ಹೇಳಿದ ಮನುಷ್ಯನು ಬಸ್ಸಿನ ಚೀಟಿ ಕೊಳ್ಳುವುದನ್ನು ಮಗುವಿನಂತೆ ಕಲಿಯುವಾಗ ಅವನ ಅಹಂಕಾರ ಕರಗುತ್ತದೆ. ಇದು ಸಣ್ಣ ಲಾಭವಲ್ಲ.

ಸಿದ್ಧತೆಯ ವಿಷಯದಲ್ಲಿ ವಿವೇಕ ಅಗತ್ಯ. ವಯಸ್ಕರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ. ಅದರಲ್ಲಿ ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ವಿಧಿಸುತ್ತವೆ. ರಕ್ತದೊತ್ತಡ, ಸಕ್ಕರೆಕಾಯಿಲೆ ಇರುವವರು ಔಷಧಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೀರ್ಘ ವಿಮಾನಯಾನದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿರುವುದರಿಂದ ಆಗಾಗ ಎದ್ದು ನಡೆಯುವುದು ಹಿತ. ಅಮೆರಿಕದಂಥ ದೇಶದಲ್ಲಿ ಆಸ್ಪತ್ರೆಯ ವೆಚ್ಚ ಅಪಾರವಾದ್ದರಿಂದ ಆರೋಗ್ಯ ವಿಮೆಯನ್ನು ಮಾಡಿಸದೆ ಹೊರಡಬಾರದು. ಸಾಲ ಮಾಡಿ ವೈಭವಕ್ಕಾಗಿ ಹೋಗುವುದಂತೂ ಸಲ್ಲದು; ನೇಪಾಳ, ಶ್ರೀಲಂಕಾಗಳಂಥ ನೆರೆನಾಡುಗಳೂ ಪರದೇಶಗಳೇ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಮನೆಯ ಗೋಡೆಯ ಮೇಲೆ ದಿನವೂ ಕಂಡು ಕಣ್ಣಿಗೆ ರೂಢಿಯಾದ ಆ ಮೂರ್ತಿಯನ್ನು ಅಷ್ಟು ದೂರದಲ್ಲಿ ಕಂಡವರಿಗೆ, ಹನ್ನೆರಡನೆಯ ಶತಮಾನದ ಕಲ್ಯಾಣದ ಹಿರಿಮೆ ಹೊಸದಾಗಿ ಹೊಳೆಯುತ್ತದೆ. ಪರದೇಶವನ್ನು ನೋಡಲು ಹೋದವನು ಸ್ವದೇಶವನ್ನು ಕಂಡು ಬರುವನೆಂಬುದಕ್ಕೆ ಇದು ಸಂಕೇತ.

ಶರಣರು ಕಾಯಕದೊಡನೆ ದಾಸೋಹವನ್ನು ಜೋಡಿಸಿದರು. ಪ್ರವಾಸಕ್ಕೂ ಈ ತತ್ತ್ವ ಅನ್ವಯಿಸುತ್ತದೆ. ಶ್ರದ್ಧೆಯಿಂದ ನೋಡುವುದು ಕಾಯಕವಾದರೆ, ನೋಡಿದ್ದನ್ನು ಮರಳಿ ಬಂದು ಹಂಚುವುದು ದಾಸೋಹ. ನಡುವಯಸ್ಸಿನವನಿಗೆ ಹಂಚಲು ತರಗತಿಯಿದೆ, ಹೊಲವಿದೆ, ಪಂಚಾಯತಿಯಿದೆ, ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿದ್ದಾರೆ. ಹಂಚಿದ್ದು ಫಲ ಕೊಡುವುದನ್ನು ನೋಡಲು ಇನ್ನೂ ಆಯುಷ್ಯವಿದೆ. ಆದುದರಿಂದ ಸಾಧ್ಯವಾದವರು ಈ ವಯಸ್ಸನ್ನು ಸಂಚಾರದ ಮುಕ್ತಾಯವೆಂದು ಭಾವಿಸದೆ, ಅದರ ಸುಸಮಯವೆಂದು ತಿಳಿದು ಹೊರಡುವುದು ಶ್ರೇಯಸ್ಕರ.